ಫೆಬ್ರವರಿ ಮುಗಿಯದ ದ್ವೀಪ

ಹದ್ದಿನಕುರ್ವೆ,
ಫೆಬ್ರವರಿ 37, 2261.

ನನ್ನ ಕಾಲಕ್ಕಿಂತ ಇನ್ನೂರು ಮಳೆಗಾಲ ಮೊದಲು ಈ ದ್ವೀಪ ನೋಡಲು ಬರುತ್ತಿರುವ ನಿಮಗೆ ಜಟ್ಟಮ್ಮನ ನಮಸ್ಕಾರ.

ತಾರೀಖು ತಪ್ಪಾಗಿಲ್ಲ. ನಮ್ಮ ಕುರ್ವೆಗೆ, ಅಂದರೆ ಈ ನಡುಗಡ್ಡೆಗೆ, ಕಡಲಾಮೆ ಬಂದ ವರ್ಷ ಅದರ ಕೊನೆಯ ಮರಿ ನೀರಿಗಿಳಿಯುವವರೆಗೆ ಫೆಬ್ರವರಿ ಮುಗಿಯುವುದಿಲ್ಲ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇದೊಂದಕ್ಕೇ.

ನೀವು ದೋಣಿಯಲ್ಲಿ ಬಂದು ಫೋಟೋ ತೆಗೆದುಕೊಂಡು ಹೋಗುವ ಹಲವು ಸಂಗತಿಗಳು ಇಲ್ಲಿ ಈಗಲೂ ಇವೆ. ಪಡುವಣ ಬಂಡೆಯಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಹಳೆಯ ಗೂಡಿಗೇ ಕಡ್ಡಿ ಸೇರಿಸುತ್ತಿದೆ. ಗೂಡು ನಮ್ಮ ಒಲೆಕಟ್ಟೆಗಿಂತ ದೊಡ್ಡದಾಗಿದೆ. ಹವಳವೆಲ್ಲ ಸತ್ತು ನೀರಡಿಯ ಗುಹೆಯೊಂದರ ಬಾಯಲ್ಲಿ ಅಂಗೈಯಗಲ ಉಳಿದಿತ್ತು, ಅಲ್ಲಿಂದಲೇ ಮತ್ತೆ ಹಬ್ಬಿತು. ಮುಳುಗು ಹಾಕಿದರೆ ಗಿಳಿಮೀನು ಅದನ್ನು ಕಡಿಯುವ ಸದ್ದು ಮಕ್ಕಳು ಚಕ್ಕುಲಿ ತಿಂದ ಹಾಗೆ ಕೇಳುತ್ತದೆ. ಆಮೆಗಳಿಗಾಗಿ ನಾವು ಇಟ್ಟುಕೊಂಡಿರುವುದು ಹೆಜ್ಜೆಸೂಡಿ, ಅಂದರೆ ತೆಂಗಿನ ಕಡ್ಡಿಯ ಉದ್ದ ಪೊರಕೆ. ಮನುಷ್ಯರ ಹೆಜ್ಜೆಗುಳಿಗೆ ಬಿದ್ದ ಆಮೆಮರಿ ಹತ್ತಿ ಬರಲಾರದು. ಅದಕ್ಕೇ ಮರಳಿನಲ್ಲಿ ನಡೆದವರು ತಮ್ಮ ಹೆಜ್ಜೆಯನ್ನು ತಾವೇ ಗುಡಿಸಿಕೊಂಡು ಹಿಂದೆ ಸರಿಯಬೇಕು. ನಮ್ಮ ಮಕ್ಕಳು ನಡೆಯುವ ಮೊದಲೇ ಗುಡಿಸಲು ಕಲಿಯುತ್ತಾರೆಂದು ದಡದವರು ಗೇಲಿ ಮಾಡುತ್ತಾರೆ. ಮಾಡಲಿ.

ಆ ಅಭ್ಯಾಸವೇ ಈ ವರ್ಷ ನಮಗೆ ಮುಳುವಾಯಿತು. ದಡದ ಮಹಾಮಂಡಳಿಗೆ ಇಲ್ಲೊಂದು ಹಡಗುಕಟ್ಟೆ ಬೇಕಾಗಿದೆ. ಆರು ವರ್ಷ ಆಮೆ ಬಾರದೆ ನಮ್ಮ ಫೆಬ್ರವರಿಯೂ ನಿಮ್ಮದರಂತೆ ಚಿಕ್ಕದಾಗಿತ್ತು. ಈ ಫೆಬ್ರವರಿ ಮುಗಿಯುವುದರೊಳಗೆ ಆಮೆ ಬಂದದ್ದನ್ನು ತೋರಿಸಿ, ಇಲ್ಲವಾದರೆ ಕುರ್ವೆ ಖಾಲಿ ಮಾಡಿ ಎಂದು ಆಜ್ಞೆ ಬಂತು. ಇಪ್ಪತ್ತೊಂದರ ಬೆಳಿಗ್ಗೆ, ಮೊಟ್ಟೆಯಿಟ್ಟು ನೀರಿಗೆ ಮರಳುವ ತಾಯಾಮೆಯನ್ನು ನಾನು ಮತ್ತು ಮೊಮ್ಮಗಳು ನೇಸರಿ ಕಣ್ಣಾರೆ ಕಂಡೆವು. ಮರಳಿನ ಮೇಲೆ ಎರಡು ಮೊಳ ಅಗಲದ ಜಾಡು ಬಿದ್ದಿತ್ತು. ಗಡುವು ಕಾಯಲು ಕುರ್ವೆಯಲ್ಲೇ ಬೀಡುಬಿಟ್ಟಿದ್ದ ಮಂಡಳಿಯ ಅಧಿಕಾರಿಯನ್ನು ಕರೆತರಲು ಓಡಿದೆ. ನಾವು ಬರುವಷ್ಟರಲ್ಲಿ ನೇಸರಿ ತನ್ನ ಹೆಜ್ಜೆಯ ಜೊತೆಗೆ ಆಮೆಯ ಜಾಡನ್ನೂ ನುಣ್ಣಗೆ ಗುಡಿಸಿ ಮುಗಿಸಿದ್ದಳು.

"ಎಂತ ಮಾಡ್ದೆ ಹೆಣ್ಣೆ?" ಎಂದೆ.

"ದಿನಾ ಮಾಡುದೇ ಮಾಡ್ದೆ ಅಜ್ಜಿ," ಎಂದಳು. ಮರುಕ್ಷಣ ಅರ್ಥವಾಗಿ ಸೂಡಿ ಬಿಸಾಕಿ ಅತ್ತಳು. ಅವಳನ್ನು ಬಯ್ಯಲಿ ಹೇಗೆ? ಕಲಿಸಿದವಳು ನಾನೇ.

ಹಾಗಾದರೆ ಗೂಡು ಅಗೆದು ಮೊಟ್ಟೆ ತೋರಿಸಿ ಎಂದರು ಅಧಿಕಾರಿ. ಮೊಟ್ಟೆ ಹೊರಳಿದರೆ ಒಳಗಿನ ಜೀವ ಹೋಗುತ್ತದೆ. ಮರಿ ತಾನಾಗಿ ಹೊರಬರಲು ಐವತ್ತು ದಿನವಾದರೂ ಬೇಕು. "ಮನೆ ಹೋದ್ರೂ ಅಗಿಯುದಿಲ್ಲ. ಮರಿಗಳೇ ಬಂದು ಸಾಕ್ಷಿ ಹೇಳ್ಲಿ," ಎಂದೆ. ಅವರು ಗಡುವು ನೆನಪಿಸಿದರು. ಆಜ್ಞೆಯಲ್ಲಿ ಫೆಬ್ರವರಿ ಮುಗಿಯುವುದರೊಳಗೆ ಎಂದಷ್ಟೇ ಇತ್ತು, ದಿನಾಂಕವಿರಲಿಲ್ಲ. "ಹಂಗಾರೆ ಇನ್ನೂ ಸುಮಾರು ದಿನ ಉಂಟು ಮಾರಾಯ್ರೆ," ಎಂದು ಹೇಳಿ ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಅಂದಿನಿಂದ ಕುರ್ವೆಯ ಹದಿನಾಲ್ಕು ಮನೆಯವರೂ ಆ ಮರಳಿಗೆ ಕಾಲಿಟ್ಟಿಲ್ಲ. ಇಟ್ಟರೆ ಗುಡಿಸಬೇಕಾಗುತ್ತದೆ. ದೋಣಿ ಇಳಿಸದೆ ಗಂಜಿಗೆ ಒಣಮೀನೂ ತೀರುತ್ತಾ ಬಂದಿದೆ. ಮಂಡಳಿಯ ಹಡಗು ಎದುರಿಗೇ ಲಂಗರು ಹಾಕಿ ಕಾಯುತ್ತಿದೆ. ನನಗೆ ಭಯವಿಲ್ಲವೆಂದಲ್ಲ, ಆದರೆ ಜಗ್ಗುವುದಿಲ್ಲ.

ನಿಮ್ಮಲ್ಲಿ ಒಂದು ಕೇಳುತ್ತೇನೆ, ಹಕ್ಕಿನಿಂದಲೇ ಕೇಳುತ್ತೇನೆ. ಆಮೆ ತಾನು ಹುಟ್ಟಿದ ತೀರವನ್ನೇ ಹುಡುಕಿಕೊಂಡು ಬರುತ್ತದೆ. ಈ ತಾಯಿಯ ಅಜ್ಜಿಯ ಅಜ್ಜಿ ಈಗ ಮರಿಯಾಗಿ ನಿಮ್ಮ ವಸತಿಗೃಹದ ಮುಂದೆ ತೆವಳುತ್ತಿರಬಹುದು. ನಿಮ್ಮ ದೀಪವನ್ನು ಕಡಲಿನ ಹೊಳಪೆಂದು ನಂಬಿ ಅದು ಅತ್ತ ಹೊರಟರೆ ಇಲ್ಲಿ ಆಮೆಯೂ ಇಲ್ಲ, ನಾವೂ ಇಲ್ಲ. ದೀಪ ಆರಿಸಿ. ಹೆಜ್ಜೆ ಗುಡಿಸಿ ಹೋಗಿ.

ನಮ್ಮ ಸೂಡಿಗಳನ್ನೆಲ್ಲ ಮನೆಯ ಮಾಡಿಗೆ ಸಿಕ್ಕಿಸಿದ್ದೇವೆ. ಮರಿಗಳ ಜಾಡನ್ನು ಈ ಸಲ ಯಾರೂ ಅಳಿಸುವುದಿಲ್ಲ. ನೇಸರಿ ಜಗುಲಿಯಲ್ಲಿ ಕೂತು ಮರಳನ್ನೇ ನೋಡುತ್ತಿದ್ದಾಳೆ.

ನಾಳೆ ಫೆಬ್ರವರಿ ಮೂವತ್ತೆಂಟು.

ಜಟ್ಟಮ್ಮ