ಮಗಳ ಗಾಡಿಗೆ ಡೀಸೆಲ್ ಎಂಜಿನ್

ಮಾರ್ಚ್ 4, ಬೆಳಿಗ್ಗೆ 7

ಹಳೆಯ ಎಂಜಿನ್ ಇಳಿಸಿಯಾಯಿತು. ಹದಿನಾಲ್ಕು ವರ್ಷ ದುಡಿದ ಪೆಟ್ರೋಲ್ ಎಂಜಿನ್, ಸರಪಳಿಯಲ್ಲಿ ತೂಗಾಡುತ್ತಿತ್ತು. ಮಗಳು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದಳು.

"ಎಷ್ಟು ದಿನ ಆಗುತ್ತೆ ಅಪ್ಪಾ? ಅಂಗಡಿಯವರು ಬೇರೆ ಗಾಡಿ ನೋಡ್ಕೊಂಡುಬಿಡ್ತಾರೆ."

ಮಂಚ, ಕಪಾಟು ಸಾಗಿಸುವ ಆ ಅಂಗಡಿಯ ಕೆಲಸವೊಂದೇ ಅವಳ ಕೈಯಲ್ಲಿರುವುದು. ಪಿಕಪ್ಪು ಚಿಕ್ಕದಾದರೂ ಅವಳದೇ. ಮೂರು ವಾರ ಎಂದೆ.

ಅಳಿಯನ ಉಪದೇಶ ಬೇರೆ: "ಮಾವ, ಗುಬ್ಬಿಯವರ ಗ್ಯಾರೇಜಿಗೆ ಕೊಟ್ಟುಬಿಡಿ. ಇಂಥವು ಇಪ್ಪತ್ತು ಮಾಡಿದ್ದಾರಂತೆ."

ಗುಬ್ಬಿ! ಸ್ಪ್ಯಾನರ್ ಹಿಡಿಯುವುದನ್ನು ನನ್ನಲ್ಲಿ ಕಲಿತವನು. ಈಗ ವಯಸ್ಸು ಐವತ್ತು, ತೂಕ ತೊಂಬತ್ತು ಕಿಲೋ; ಆದರೂ ಗುಬ್ಬಿಯೇ. ಗಾಜಿನ ಬಾಗಿಲಿನ ಗ್ಯಾರೇಜು, ಮೂಲೆಯಲ್ಲಿ ಕಾಫಿ ಯಂತ್ರ.

"ನಿಮ್ಮ ಹೆಂಡತಿ ಗಾಡಿ ಅವಳಪ್ಪನ ಕೈಲೇ ಆಗುತ್ತೆ" ಎಂದೆ. ಅಳಿಯ ಮೊಬೈಲು ನೋಡಿಕೊಂಡು ಒಳಗೆ ಹೋದ.

ಮಾರ್ಚ್ 9

ಡೀಸೆಲ್ ಎಂಜಿನ್ ಬಂತು. ಬಿಚ್ಚಿ ಮಾರಿದ ವ್ಯಾನಿನದು. ತೂಕ ಹೆಚ್ಚು — ಮುಂದಿನ ಸ್ಪ್ರಿಂಗುಗಳನ್ನು ಬದಲಿಸಬೇಕು. ಎಂಜಿನ್ ಕೂರುವ ಆಧಾರಗಳನ್ನು ಕತ್ತರಿಸಿ, ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿ ಬೆಸುಗೆ ಹಾಕಿದೆ. ಸೊಂಟ ಹಿಡಿದುಕೊಂಡಿದೆ. ಯಾರಿಗೂ ಹೇಳಿಲ್ಲ.

ಸಂಜೆ ಗುಬ್ಬಿ ಬಂದಿದ್ದ. ಕರೆಯದೆ.

"ಗುರುಗಳೇ, ಡೀಸೆಲ್ಲು ಪೆಟ್ರೋಲ್ ಥರ ಅಲ್ಲ. ಒಂದೆರಡು ಕಡೆ ಸ್ವಲ್ಪ..."

"ಅಜ್ಜನಿಗೆ ಕೆಮ್ಮು ಕಲಿಸ್ತೀಯೇನೋ?"

ನಕ್ಕ. ಉಳಿದ ಮಾತನ್ನು ನುಂಗಿಕೊಂಡ. ಹೋಗುವಾಗ ಬೆಸುಗೆಯ ಮೇಲೆ ಬೆರಳಾಡಿಸಿ, "ನಿಮ್ಮ ಕೈ ಹಾಗೇ ಇದೆ" ಎಂದ. ಹೊಗಳಿಕೆಯೋ, ಕನಿಕರವೋ... ಕೈ ಒರೆಸಿಕೊಂಡೆ.

ಮಾರ್ಚ್ 21

ಇಂದು ಹನ್ನೊಂದು ಗಂಟೆಗೆ ಎಂಜಿನ್ ಎದ್ದಿತು. ಮೊದಲ ತಿರುವಿಗೇ! ಶೆಡ್ಡಿನ ತಗಡೆಲ್ಲ ನಡುಗಿತು. ಬ್ಯಾಟರಿಗೆ ಚಾರ್ಜ್ ಕೊಡುವ ವ್ಯಾನಿನ ಆಲ್ಟರ್ನೇಟರ್ ಸುಟ್ಟುಹೋಗಿತ್ತು. ಹಳೆಯ ಎಂಜಿನ್ನಿನದನ್ನೇ ಹಾಕಿದೆ, ಹೊಸದಾಗಿ ತಂತಿ ಸುತ್ತಿಸಿದ್ದು, ಚೆನ್ನಾಗಿದೆ. ಬ್ರೇಕಿನ ಗಾಳಿ ನಳಿಕೆಯನ್ನು ಎಂಜಿನ್ ಉಸಿರೆಳೆಯುವ ಕೊಳವೆಗೆ ಸಿಕ್ಕಿಸಿದೆ. ನಲವತ್ತು ವರ್ಷದಿಂದ ಸಿಕ್ಕಿಸುತ್ತ ಬಂದದ್ದು. ಕಣ್ಣು ಮುಚ್ಚಿದರೂ ಕೈ ಅಲ್ಲಿಗೇ ಹೋಗುತ್ತದೆ.

ಮಾರ್ಚ್ 23

ಮಗಳು ಓಡಿಸಿ ನೋಡಿದಳು.

"ಎಳೆಯೋದು ಆನೆ ಥರ ಎಳೆಯುತ್ತೆ. ಬ್ರೇಕು ಮಾತ್ರ ಕಲ್ಲು ಅಪ್ಪಾ."

"ಹೊಸ ಬ್ರೇಕ್ ಶೂ. ಕೂತ್ಕೊಳ್ಳೋಕೆ ಹತ್ತು ದಿನ ಬೇಕು."

"ಎದ್ದು ನಿಂತು ತುಳೀಬೇಕು, ಅಷ್ಟು ಗಟ್ಟಿ."

"ಹಾಗಾದ್ರೆ ನಿಂತ್ಕೊಂಡೇ ತುಳಿ! ಸೋಫಾ ಹೊತ್ತೂ ಹೊತ್ತೂ ನಿನ್ನ ಕಾಲೂ ಮೆತ್ತಗಾಗಿದೆ."

ಅಳಿಯ ಗೊಳ್ಳೆಂದು ನಕ್ಕ. ಅವಳೂ ನಕ್ಕಳು. ನಾಳೆಯಿಂದಲೇ ಕೆಲಸಕ್ಕೆ ಹೊರಡುತ್ತಾಳಂತೆ.

ಏಪ್ರಿಲ್ 11

ಬರೆಯಲಾಗಿರಲಿಲ್ಲ.

ಎರಡನೆಯ ತಾರೀಖು. ಗೋದಾಮಿನ ಇಳಿಜಾರು, ಹಿಂದೆ ಎರಡು ಕಪಾಟು. ಗಾಡಿ ನಿಲ್ಲಲಿಲ್ಲ, ಗೋಡೆ ನಿಲ್ಲಿಸಿತು. ಅವಳ ಬಲಗಾಲಿನ ಪಾದದ ಕೀಲು ಎರಡು ಕಡೆ ಮುರಿದಿದೆ. ಒಳಗೆ ಲೋಹದ ಪಟ್ಟಿ ಕೂರಿಸಿದ್ದಾರೆ. ಬೇರೆ ಯಾರಿಗೂ ಏನೂ ಆಗಲಿಲ್ಲ.

ಇಂದು ಮನೆಗೆ ಕರೆತಂದೆವು. ಅಳಿಯ ದಿಂಬು ಸರಿಪಡಿಸುತ್ತಲೇ ಆರಂಭಿಸಿದ: "ಅಷ್ಟು ಭಾರ ಹೇರ್ಕೊಂಡು ಅಷ್ಟು ಜೋರಾಗಿ ಯಾರಾದ್ರೂ ಇಳಿಸ್ತಾರಾ?"

"ತುಳಿಯೋದು ತಡ ಆಯ್ತು. ನನ್ನದೇ ತಪ್ಪು" ಎಂದಳು.

ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಬ್ರೇಕು ಕಲ್ಲು ಎಂದಿದ್ದಳು. ನೆನಪಿದೆ.

ಏಪ್ರಿಲ್ 13

ಗಾಡಿಯನ್ನು ಎಳೆಸಿಕೊಂಡು ಹೋಗಿ ಗುಬ್ಬಿಯ ಗ್ಯಾರೇಜಿನಲ್ಲಿ ನಿಲ್ಲಿಸಿದ್ದಾರೆ, ಅಳಿಯನ ಏರ್ಪಾಡು. ಹೋದೆ. ಗುಬ್ಬಿ ಜಜ್ಜಿದ ಬಾನೆಟ್ ಎತ್ತಿದ. ಬ್ರೇಕಿನ ಆ ನಳಿಕೆಯನ್ನು ಹಿಡಿದು ನನ್ನ ಮುಖ ನೋಡಿದ. ಕೆಲಸಗಾರರನ್ನು ಊಟಕ್ಕೆ ಕಳುಹಿಸಿ ಗಾಜಿನ ಬಾಗಿಲು ಹಾಕಿದ.

"ಪೆಟ್ರೋಲ್ ಎಂಜಿನ್ನು ಉಸಿರೆಳೆಯೋವಾಗ ಬ್ರೇಕಿಗೂ ಎಳೆತ ಕೊಡುತ್ತೆ. ಡೀಸೆಲ್ಲಲ್ಲಿ ಆ ಎಳೆತ ಇರಲ್ಲ ಗುರುಗಳೇ. ಬೇರೆ ಪಂಪ್ ಬೇಕು. ವ್ಯಾನಿನ ಆಲ್ಟರ್ನೇಟರ್ ಬೆನ್ನಿಗೇ ಇತ್ತು ಅದು."

ಸುಟ್ಟಿದೆಯೆಂದು ನಾನು ಗುಜರಿಗೆ ಎಸೆದದ್ದು.

ಅಂದು ಹೇಳಲು ಬಂದದ್ದು ಇದನ್ನೇ ಎಂದು ಅವನು ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಬೈದು ಎದ್ದು ಬರಬಹುದಿತ್ತು.

"ಪಂಪ್ ಹಾಕಿಬಿಡ್ತೀನಿ. ಯಾರಿಗೂ ಹೇಳಲ್ಲ. ಈ ವಯಸ್ಸಲ್ಲಿ ನಿಮ್ಮ ಹೆಸರು ಕೆಡೋದು ಬೇಡ."

ಕಾಫಿ ಕೊಟ್ಟ, ಕುಡಿದೆ. ಅದೇ ಒಪ್ಪಿಗೆಯಾಯಿತು.

ಮೇ 19

ಗಾಡಿ ಬಂತು. ಪೆಡಲ್ ಬೆಣ್ಣೆಯಂತೆ ಇಳಿಯುತ್ತದೆ.

ಅಳಿಯ: "ಬ್ರೇಕಲ್ಲಿ ಏನೂ ದೋಷ ಇರಲಿಲ್ವಂತೆ ಮಾವ. ಗುಬ್ಬಿಯವರೇ ಹೇಳಿದ್ರು. ನಾನು ಅವತ್ತೇ ಅಂದಿರಲಿಲ್ವಾ?"

ಮಗಳು ಊರುಗೋಲನ್ನು ಬಾಗಿಲಿಗೆ ಒರಗಿಸಿ ಸೀಟಿಗೆ ಏರಿದಳು. ಎಂಜಿನ್ ಹಚ್ಚಿದಳು. ಕಾಲನ್ನು ಪೆಡಲಿನ ಮೇಲಿಟ್ಟು, ಹಿಂದಕ್ಕೆ ಎಳೆದುಕೊಂಡಳು. ಆರಿಸಿ ಇಳಿದಳು.

"ಆಗಲ್ಲ ಅಪ್ಪಾ. ನನ್ನ ಕಾಲನ್ನೇ ನಂಬೋಕಾಗ್ತಿಲ್ಲ. ಮಾರಿಬಿಡೋಣ."

ಆಮೇಲೆ, ತಲೆ ತಗ್ಗಿಸಿ: "ಬೆನ್ನು ಮುರ್ಕೊಂಡು ಮಾಡಿಕೊಟ್ಟೆ ನೀನು. ನಾನು ಹಾಳು ಮಾಡಿದೆ. ಬೇಜಾರು ಮಾಡ್ಕೋಬೇಡ."

ಬೇಜಾರಿಲ್ಲ ಎಂದೆ. ಥೂ! ಅವಳನ್ನು ಕ್ಷಮಿಸಿದೆನಂತೆ ನಾನು.

ಮೇ 22, ಬೆಳಿಗ್ಗೆ 10

ಕೊಳ್ಳುವವನು ಹನ್ನೊಂದಕ್ಕೆ ಬರುತ್ತಾನೆ. ಅಂಗಡಿಯವರು ಅವಳಿಗಾಗಿ ತಿಂಗಳ ಕೊನೆಯವರೆಗೆ ಕಾಯುತ್ತೇವೆಂದಿದ್ದರು. ನಿನ್ನೆ ಅವಳೇ ಫೋನು ಮಾಡಿ ಬೇಡವೆಂದಳು. ಗೋಡೆಯಾಚೆಯಿಂದ ಕೇಳಿಸಿತು. "ನನಗೆ ಓಡಿಸೋಕೆ ಬರಲ್ಲ ಸಾರ್" ಎಂದಳು. ಇಪ್ಪತ್ತು ವರ್ಷ ಓಡಿಸಿದವಳು.

ಹೇಳಬೇಕಾದದ್ದನ್ನು ಮೂರು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ವ್ಯಾನು ಮಾರಿದವನದು ತಪ್ಪು. ಎರಡನೆಯದರಲ್ಲಿ ಗುಬ್ಬಿಯದು. ಮೂರನೆಯದರಲ್ಲಿ ನನ್ನ ವಯಸ್ಸಿನದು.

ಪಡಸಾಲೆಯಲ್ಲಿ ಊರುಗೋಲಿನ ಸದ್ದು. ಗಾಡಿಯ ಕಾಗದಪತ್ರ ಕೇಳಲು ಬರುತ್ತಿದ್ದಾಳೆ. ಮೊದಲ ಮಾತು ಸಿದ್ಧವಿದೆ: ಮಗೂ, ನಿನ್ನ ಕಾಲು ಸರಿಯಾಗಿಯೇ ತುಳಿದಿತ್ತು. ಎರಡನೆಯದು —