ಹಬ್ಬದೊಳಗೆ ಆರಿಸಬೇಕು

ಸೆಪ್ಟೆಂಬರ್ 22, ಸೋಮವಾರ

ಬೆಳಿಗ್ಗೆ ಎಂದಿನಂತೆ ಸ್ಪೆಕ್ಟ್ರೋ. ಉಕ್ಕಿನ ತುಂಡಿಗೆ ಕಿಡಿ ಹಾರಿಸಿ ಇಂಗಾಲ ಎಷ್ಟು, ಕ್ರೋಮಿಯಂ ಎಷ್ಟು ಎಂದು ಹೇಳುವ ಯಂತ್ರ. ಅದನ್ನು ನಡೆಸುವ ಕಂಪ್ಯೂಟರ್ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಯುಪಿಎಸ್ ಮೇಲೆ ವರ್ಷಗಟ್ಟಲೆ ಆನ್ ಇದೆ. ಆಫ್ ಮಾಡಿದರೆ ಮತ್ತೆ ಏಳುವುದಿಲ್ಲ ಎಂಬುದು ಲ್ಯಾಬಿನ ನಂಬಿಕೆ. ಯಾರೂ ಪರೀಕ್ಷಿಸಿಲ್ಲ. ಪರೀಕ್ಷಿಸುವುದೇ ನಮ್ಮ ಕಸುಬು, ಆದರೂ...

ಗ್ರಾಹಕರ ಆಡಿಟರ್ ಮೇಲ್: ನವೆಂಬರಿನಿಂದ ಹಳೆ ಕಂಪ್ಯೂಟರಿನ ರಿಪೋರ್ಟ್ ನಡೆಯದು. ಬೇಕಿದ್ದರೆ ಒಂದು ವರ್ಷದ ವಿನಾಯಿತಿ ಕೇಳಿ. ದಸರಾ ಹಬ್ಬ ಕಳೆದ ಕೂಡಲೇ ತಿಳಿಸಿ.

ಕಂಪ್ಯೂಟರ್ ಬದಲಿಸುವುದೋ, ವಿನಾಯಿತಿ ಕೇಳುವುದೋ — ಎಂ.ಡಿ. ನನಗೇ ಬಿಟ್ಟರು.

ಸೆಪ್ಟೆಂಬರ್ 24

ಐಟಿಯ ಭಾನುಪ್ರಕಾಶ್ ಹೊಸ ಕಂಪ್ಯೂಟರ್ ಇಟ್ಟು ಹೋದ. ಡಬ್ಬದಲ್ಲೇ ಇದೆ. ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡ್ ಹಳೆಯದರೊಳಗಿದೆ, ಅದನ್ನು ಕಿತ್ತು ಇದಕ್ಕೆ ಹಾಕಬೇಕು.

"ಕೂರತ್ತಾ?"

"ಕೂತ್ರೆ ಕೂತ್ಕೊಳತ್ತೆ ಸಾರ್. ಕಾರ್ಡ್ ಹೋಯ್ತು ಅಂದ್ರೆ ಬೇರೆ ಎಲ್ಲೂ ಸಿಗಲ್ಲ."

ಹೋದರೆ ಯಂತ್ರ ಗುಜರಿಗೆ. ಟೆಸ್ಟಿಂಗ್ ಹೊರಗಿನವರಿಗೆ. ಯಂತ್ರ ನಡೆಸುವ ಯಮುನಾಗೆ ಇಲ್ಲಿ ಬೇರೆ ಕೆಲಸವಿಲ್ಲ.

ಸೆಪ್ಟೆಂಬರ್ 29

ಯಮುನಾ ಕೇಳಿದಳು. "ಏನ್ ಮಾಡ್ತೀರಾ ಸಾರ್? ನನ್ ಅನ್ನ ಇರೋದು ಅದರ ಮೇಲೆ."

"ಹಬ್ಬದೊಳಗೆ ಆರಿಸಿಬಿಡಬೇಕು."

ಅಟೆಂಡರ್ ದಾಸಪ್ಪ ಆಯುಧಪೂಜೆಗೆಂದು ಮೇಜು ಒರೆಸುತ್ತಿದ್ದ. ತಲೆಯಾಡಿಸಿದ. ಯಾಕೆಂದು ಆಗ ಯೋಚಿಸಲಿಲ್ಲ.

ಅಕ್ಟೋಬರ್ 1

ಪೂಜೆ. ಪೀಣ್ಯದ ರಸ್ತೆಯುದ್ದ ಒಡೆದ ಕುಂಬಳಕಾಯಿ. ನಮ್ಮ ಕಂಪ್ಯೂಟರಿಗೂ ವಿಭೂತಿ, ಕುಂಕುಮ, ಸೇವಂತಿಗೆ. ಪರದೆ ಕಪ್ಪು.

"ಎಲ್ಲಾ ಆರ್ಸಿವ್ನಿ ಸಾ," ದಾಸಪ್ಪ. "ನೀವೇ ಅಂದ್ರಲ್ಲ, ಅಬ್ಬದೊಳಗೆ ಆರಿಸ್ಬುಡ್ಬೇಕು ಅಂತ. ಯುಪಿಎಸ್ಸೂ ಆರ್ಸ್ದೆ."

ಯಮುನಾಳ ಕೈಯಲ್ಲಿದ್ದ ಕಡ್ಲೆಪುರಿ ಕೈಯಲ್ಲೇ ಉಳಿಯಿತು. "ನಿಮ್ ಕನ್ನಡ ಸಾರ್! ಸೆಲೆಕ್ಟ್ ಅಂದಿದ್ರೆ ಏನಾಗ್ತಿತ್ತು?"

ಆರಿಸು — ಆಯ್ದುಕೊ. ಆರಿಸು — ನಂದಿಸು. ಇಷ್ಟು ಕಾಲ ಎರಡನ್ನೂ ಬಳಸಿದ್ದೇನೆ. ಒಟ್ಟಿಗೆ ಕೇಳಿಸಿಕೊಂಡಿರಲಿಲ್ಲ.

ಆನ್ ಮಾಡೋಣ ಎಂದೆ.

"ಪೂಜೆ ಆಗೈತೆ. ಇವತ್ತು ಮುಟ್ಟಂಗಿಲ್ಲ ಸಾ."

ಯಾರೂ ಮುಟ್ಟಲಿಲ್ಲ. ನನಗೂ ಅದೇ ಬೇಕಿತ್ತು.

ಅಕ್ಟೋಬರ್ 4

ರಜೆ. ನಾಗಸಂದ್ರ ಮೆಟ್ರೋ ಸ್ಟೇಷನ್‌ವರೆಗೆ ನಡೆದೆ. ಎರಡೂ ಕಡೆಯ ರೈಲು ಬಂದವು. ಹತ್ತಲಿಲ್ಲ. ವಿನಾಯಿತಿಯ ಮೇಲ್ ಬರೆದೆ. ಕಳಿಸಲಿಲ್ಲ.

ಅಕ್ಟೋಬರ್ 6, ಬೆಳಿಗ್ಗೆ

ಯಮುನಾ ಬಟನ್ ಒತ್ತಿದಳು. ಏನೂ ಇಲ್ಲ. ಆಮೇಲೆ ಫ್ಯಾನಿನಿಂದ ಕುಂಕುಮ ಹಾರಿತು. ಎದ್ದಿತು. ತಾರೀಖು ಮಾತ್ರ ಮರೆತಿದೆ — 2002, ಜನವರಿ 1.

"ಆಗ ನಾನು ಒಂದನೇ ಕ್ಲಾಸು ಸಾರ್."

ದಾಸಪ್ಪ ಕೈಮುಗಿದ. ಯಂತ್ರಕ್ಕೋ, ನನಗೋ.

ವಿನಾಯಿತಿ ಕೇಳಲೇ ಎಂದೆ. ಯಮುನಾಳ ನಗು ಹೋಯಿತು.

"ಬೇಡ ಸಾರ್. ಮುಂದಿನ್ ವರ್ಷ ಏಳದೇ ಇದ್ರೆ? ಈಗ ಎದ್ದಿದೆ, ಕಾರ್ಡ್ ಸರಿಯಾಗಿದೆ. ಇವತ್ತೇ ಬಿಚ್ಚಿಸಿ."

ಮೇಲ್ ಅಳಿಸಿದೆ.

ಅದೇ ದಿನ, 11.10

ಭಾನುಪ್ರಕಾಶ್ ಸ್ಕ್ರೂಡ್ರೈವರ್ ಹಿಡಿದು ನಿಂತ. "ಆರಿಸಿ," ಎಂದೆ ಯಮುನಾಗೆ.

"ಯಾವ ಆರಿಸು ಸಾರ್?"

"ಎರಡೂ."

ಆರಿಸಿದಳು. ಕಾರ್ಡ್ ಹೊರಬಂತು. ಭಾನುಪ್ರಕಾಶ್ ಊದಿ, ಒರೆಸಿ, ಹೊಸದರೊಳಗೆ ಇಡುತ್ತಿದ್ದಾನೆ. ನಾನು ಈಚೆ ಮೇಜಿನಲ್ಲಿ ಇದನ್ನು ಬರೆಯುತ್ತಿದ್ದೇನೆ, ನೋಡದಿರಲು. ಯಮುನಾ ಕೂಗುತ್ತಿದ್ದಾಳೆ — ಸಾರ್, ಬನ್ನಿ, ಇಲ್ಲಿ