ಹೆದ್ದಾರಿ ಬೇಡ ಎಂದವರು ಯಾರು?

ಸೋಮವಾರ, ಬೆಳಗ್ಗೆ

ತಮ್ಮಾ,

ನಾನು ಕ್ಷೇಮ. ನಿನ್ನ ಕ್ಷೇಮವನ್ನು ಈ ಸಲ ಕೇಳುವುದಿಲ್ಲ, ಮೈಯೆಲ್ಲ ಉರಿಯುತ್ತಿದೆ. ಫೋನಿನಲ್ಲೇ ಬೈಯಬಹುದಿತ್ತು, ಆದರೆ ನೀನು ಮಧ್ಯೆ ಬಾಯಿ ಹಾಕಿ ಮಾತನ್ನು ಎಲ್ಲಿಗೋ ತಿರುಗಿಸಿಬಿಡುತ್ತೀಯ. ಕಾಗದದ ಜೊತೆ ಆ ಆಟ ನಡೆಯುವುದಿಲ್ಲ. ಅದಕ್ಕೇ ಹೊಲಿಯಲು ಬಂದ ಬಟ್ಟೆಗಳನ್ನು ಪಕ್ಕಕ್ಕೆ ತಳ್ಳಿ ಕತ್ತರಿಸುವ ಮೇಜಿನ ಮೇಲೆಯೇ ಬರೆಯುತ್ತಿದ್ದೇನೆ.

ನಿನ್ನೆ ಫೋನ್ ಮಾಡಿ ಏನಂದೆ? "ಎರಡು ತಿಂಗಳಾಯ್ತಕ್ಕ. ಗಂಡ, ಮನೆ ಅನ್ನೋದು ನೆನಪಿದ್ಯಾ ಅವಳಿಗೆ? ನೀನು ಹೇಳಿದ್ರೆ ಕೇಳ್ತಾಳೆ, ವಾಪಸ್ ಬಾ ಅನ್ನು. ದಾರಿ ತಪ್ಪಿಸಿದ್ದು ಕಾರಲ್ಲಿದ್ದ ಆ ಮೆಷಿನ್ನು. ಅದಕ್ಕೆ ನನ್ನ ಮೇಲೆ ಮುನಿಸ್ಕೊಂಡ್ರೆ ಹೇಗೆ?"

ನಿನ್ನ ಹೆಂಡತಿ ಮುನಿಸಿಕೊಂಡಿಲ್ಲ ಕಣೋ. ಆ ದೇಶದಲ್ಲಿ ತನ್ನ ಅಕ್ಕನನ್ನು ನೋಡಿಕೊಳ್ಳಲು ಉಳಿದಿದ್ದಾಳೆ. ಮುನಿಸಿಕೊಂಡಿರುವವಳು ನಾನು.

ಮೆಷಿನ್ನಂತೆ ಮೆಷಿನ್ನು! ಇಷ್ಟು ವರ್ಷ ನಾನೂ ಒಂದು ಮೆಷಿನ್ ತುಳಿದುಕೊಂಡೇ ಬದುಕಿದ್ದೇನೆ. ಹೊಲಿಗೆ ಸೊಟ್ಟಗಾದರೆ ಗಿರಾಕಿಯ ಮುಂದೆ ಅದರ ಕಡೆಗೆ ಬೆರಳು ತೋರಿಸಿದ್ದಿಲ್ಲ. ಬಟ್ಟೆ ತಳ್ಳಿದ ಕೈ ನನ್ನದು.

ನೆನಪಿಸಲೇ? ನಾವು ಮೂವರೂ ಅಲ್ಲಿಗೆ ಹೋಗಿದ್ದು ಊರು ನೋಡಲಿಕ್ಕಲ್ಲ. ಅವಳ ಅಕ್ಕನ ಗಂಟಲಿನಲ್ಲಿ ಗಡ್ಡೆಯಾಗಿ, ಧ್ವನಿಪೆಟ್ಟಿಗೆಯನ್ನೇ ತೆಗೆಯುವುದಿತ್ತು. ಅಂದು ಮಧ್ಯಾಹ್ನದ ನಂತರ ಆ ಗಂಟಲಿನಿಂದ ಮಾತು ಹೊರಡುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ನಮಗೆ ವಿಮಾನ ಸಿಕ್ಕಿದ್ದೇ ಆ ಬೆಳಗ್ಗೆ ಇಳಿಯುವಂಥದ್ದು. ತಾಯಿಯಿಲ್ಲದ ನಿನ್ನ ಹೆಂಡತಿಗೆ ಉಣ್ಣಿಸಿ, ತಲೆ ಬಾಚಿ, ಬೈದು ಬೆಳೆಸಿದವಳು ಆಕೆ. ನಾವು ಇಳಿದ ಕೂಡಲೇ ಆಕೆ ಫೋನಿನಲ್ಲಿ ಏನಂದಿದ್ದಳು? "ಬೇಗ ಬಾರೇ ಮೊಂಡಿ. ನಿನ್ನ ಬೈಯೋದು ಇನ್ನೂ ಬೇಕಾದಷ್ಟಿದೆ. ಎದುರಿಗೆ ಕೂರಿಸ್ಕೊಂಡು ಬೈಬೇಕು." ಇವಳು ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಎದುರಿಗೆ ಕೂತು ಆ ಬೈಗುಳ ಕೇಳುವುದಷ್ಟೇ ಇವಳಿಗೆ ಬೇಕಾಗಿದ್ದದ್ದು.

ಬಾಡಿಗೆ ಕಾರಿನ ಕೌಂಟರಿನಲ್ಲಿ ಆ ಹುಡುಗ, ಕಾರು ಓಡಿಸಲು ಇನ್ನೊಬ್ಬರ ಹೆಸರನ್ನೂ ಸೇರಿಸಬೇಕೇ ಎಂದು ಕೇಳಿದ. ಇವಳು ಲೈಸೆನ್ಸು ಕೈಯಲ್ಲೇ ಹಿಡಿದು ನಿಂತಿದ್ದಳು. ನೀನು ತಿರುಗಿಯೂ ನೋಡದೆ ಒಬ್ಬರು ಸಾಕು ಎಂದೆ. ಸಾಹೇಬರಲ್ಲವೇ! ಚಿಕ್ಕಂದಿನಲ್ಲಿ ನಿನಗೆ ಆ ಹೆಸರಿಟ್ಟವಳು ನಾನೇ, ಈಗ ಬಾಯಿಬಿಟ್ಟು ಕರೆಯಲು ನಾಚಿಕೆಯಾಗುತ್ತದೆ.

ಅಲ್ಲಿ ಎಲ್ಲ ಗಾಡಿಗಳೂ ರಸ್ತೆಯ ಆಚೆ ಬದಿಯಲ್ಲಿ ಓಡುತ್ತವೆ. ಮೊದಲ ತಿರುವಿನಲ್ಲೇ ಒಂದು ಲಾರಿ ಹಾರನ್ ಹೊಡೆದುಕೊಂಡು ಪಕ್ಕದಲ್ಲೇ ಹಾದುಹೋಯಿತು. ನಿನ್ನ ಕುತ್ತಿಗೆಯಲ್ಲಿ ಬೆವರು ಇಳಿದದ್ದನ್ನು ಹಿಂದಿನ ಸೀಟಿನಿಂದ ನೋಡಿದೆ. ಗಾಡಿಯನ್ನು ಒಂದು ಅಂಗಡಿಯ ಮುಂದೆ ನಿಲ್ಲಿಸಿ "ಅಡ್ರೆಸ್ ಸರಿಯಾಗಿ ಹಾಕ್ತೀನಿ ಇರಿ" ಎಂದು ದಾರಿ ತೋರಿಸುವ ಆ ಪರದೆಯನ್ನು ತಿವಿಯುತ್ತ ಕೂತೆ. ಅಲ್ಲಿಂದ ಮುಂದೆ ಬರೀ ಓಣಿ, ಹೊಲದ ಬದು, ಗುಡ್ಡ. ಒಂದು ಕಡೆ ಟ್ರ್ಯಾಕ್ಟರಿನ ಹಿಂದೆ ಮೆರವಣಿಗೆ ಹೊರಟ ಹಾಗೆ ಹೋದೆವು. ಗುಡ್ಡದಲ್ಲಿ ಫೋನೂ ಸತ್ತುಹೋಯಿತು. "ರೀ, ಹೆದ್ದಾರಿ ಅಲ್ಲೇ ಕಾಣ್ತಿದೆ, ಹತ್ತಿಸಿ. ಇಲ್ಲಾಂದ್ರೆ ನನಗೆ ಕೊಡಿ" ಎಂದು ಅವಳು ಅಂಗಲಾಚಿದಳು. ನೀನು, "ಪೇಪರಲ್ಲಿ ನಿನ್ನ ಹೆಸರಿಲ್ಲ. ಸ್ವಲ್ಪ ಬಾಯ್ಮುಚ್ಕೊಂಡು ಕೂತ್ಕೋ, ಅವಳು ಹೇಳೋದು ಕೇಳಿಸ್ತಿಲ್ಲ" ಎಂದೆ. ಅವಳು ಅಂದರೆ ಆ ಪರದೆಯೊಳಗಿನ ಹೆಂಗಸು. ದಾರಿಯುದ್ದಕ್ಕೂ ಅವಳೊಬ್ಬಳದೇ ಮಾತು.

ನಾವು ಮುಟ್ಟಿದಾಗ ಆಪರೇಷನ್ ಕೋಣೆಯ ಬಾಗಿಲು ಹಾಕಿ ಆಗಿತ್ತು. ಹೊರಗೆ ತಂದ ಮೇಲೆ ಆಕೆ ತುಟಿ ಆಡಿಸಿದಳು. ಇವಳು ಆ ತುಟಿಗೆ ಕಿವಿ ಹಚ್ಚಿ ಎಷ್ಟೋ ಹೊತ್ತು ಬಗ್ಗಿಕೊಂಡೇ ಇದ್ದಳು. ಏನೂ ಬರಲಿಲ್ಲ. ನೀನು ಆಗ ಹೊರಗೆ, ಕಾರಿಡಾರಿನಲ್ಲಿ, ಮೆಷಿನ್ ಹೇಗೆ ಮೋಸ ಮಾಡಿತು ಎಂದು ಕೈ ಬೀಸಿ ಬೀಸಿ ಕಂಡವರಿಗೆಲ್ಲ ವಿವರಿಸುತ್ತಿದ್ದೆ.

ಅಲ್ಲಿಯವರೆಗೆ ನುಂಗಿಕೊಂಡೆ. ತಪ್ಪು ಮೆಷಿನ್ನಿನದೇ ಇರಬಹುದು ಎಂದುಕೊಂಡೆ. ಆದರೆ ಕಾರನ್ನು ವಾಪಸ್ ಕೊಡಲು ನಾವಿಬ್ಬರೇ ಹೋದೆವಲ್ಲ? ಕೌಂಟರಿನ ಹುಡುಗ ಕಾರೊಳಗೆ ಕೂತು ಪರದೆ ನೋಡಿ, ಹೆದ್ದಾರಿ ಬೇಡ ಅಂತ ಹಾಕಿದ್ದೀರಲ್ಲ, ಯಾಕೆ ಸಾರ್ ಎಂದು ಕೇಳಿದ. ನೀನು ಅವನಿಗೆ ಇಂಗ್ಲಿಷಿನಲ್ಲಿ ಕೊಟ್ಟ ಉತ್ತರ: ನಾನೇ ಹಾಕಿದ್ದು, ನನ್ನ ಹೆಂಡತಿಗೆ ಹೆದ್ದಾರಿ ಅಂದರೆ ಭಯ. ಆಮೇಲೆ ನನ್ನ ಕಡೆ ತಿರುಗಿ, "ಏನಿಲ್ಲಕ್ಕ, ಪೆಟ್ರೋಲ್ ತುಂಬಿಸಿದೀರಾ ಅಂತ ಕೇಳ್ತಿದಾನೆ" ಎಂದೆ.

ನಿನ್ನ ಅಕ್ಕ ಹೈಸ್ಕೂಲಿನ ಮೆಟ್ಟಿಲು ಹತ್ತಿಲ್ಲ, ನಿಜ. ಮೊಮ್ಮಗಳ ಪುಸ್ತಕ ಇಟ್ಟುಕೊಂಡು ನಾನೂ ನಾಲ್ಕು ಇಂಗ್ಲಿಷ್ ಮಾತು ಕಲಿತಿದ್ದೇನೆ ಅನ್ನುವುದು ನಿನಗೆ ಗೊತ್ತಿಲ್ಲ, ಅಷ್ಟೇ. ವಾಪಸ್ ಬರುವಾಗ ವಿಮಾನದಲ್ಲಿ ನಿನ್ನ ಪಕ್ಕ ಕೂತು ಇಡೀ ದಾರಿ ಕಣ್ಣು ಮುಚ್ಚಿಕೊಂಡಿದ್ದೆನಲ್ಲ, ನಿದ್ದೆ ಅಂದುಕೊಂಡೆಯಾ?

ಹೆದರಿದ್ದಕ್ಕೆ ನನಗೆ ಸಿಟ್ಟಿಲ್ಲ. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಗಾಡಿ, ಯಾರಾದರೂ ಹೆದರುತ್ತಾರೆ. "ಕೈ ನಡುಗ್ತಿದೆ ಕಣೇ, ನೀನು ಹಿಡಿ" ಎಂದಿದ್ದರೆ ಕಾರಿನೊಳಗೆ ಯಾರು ನಗುತ್ತಿದ್ದರೋ? ನಾನೇ? ಅವಳೇ? ನಿನ್ನ ಭಯವನ್ನು ಅವಳ ತಲೆಗೆ ಕಟ್ಟಿದೆಯಲ್ಲ, ಅದೂ ಮತ್ತೆಂದೂ ಮುಖ ನೋಡದ ಒಬ್ಬ ಹುಡುಗನ ಮುಂದೆ ಮರ್ಯಾದೆ ಉಳಿಸಿಕೊಳ್ಳಲು! ಅವಳು ಮಾತ್ರ ಇವತ್ತಿಗೂ ಅಲ್ಲಿಯವರ ಮುಂದೆ, "ಅವರೇನು ಮಾಡ್ತಾರೆ ಪಾಪ, ಮೆಷಿನ್ ಕೈಕೊಡ್ತು" ಎನ್ನುತ್ತಾಳಂತೆ.

ಅವಳನ್ನು ವಾಪಸ್ ಕರೆಯುವುದಿಲ್ಲ. ನನ್ನ ಬಾಯಿಂದ ಆ ಮಾತು ಬರುವುದಿಲ್ಲ. ಮೊದಲು ನೀನು ಅವಳಿಗೆ ಫೋನ್ ಮಾಡು. ಊಟ ಆಯಿತಾ, ಹವಾ ಹೇಗಿದೆ ಎಂದೆಲ್ಲ ಸುತ್ತಬೇಡ. ಹೆದ್ದಾರಿ ಬೇಡ ಎಂದು ಒತ್ತಿದ್ದು ನನ್ನ ಬೆರಳು ಎಂದು ಹೇಳು. ಕೇಳಿದ ಮೇಲೆ ಬರುತ್ತಾಳೋ ಬಿಡುತ್ತಾಳೋ, ಅದು ಅವಳಿಗೆ ಬಿಟ್ಟದ್ದು. ಬಾರದಿದ್ದರೆ ನಾನು ಅವಳ ಕಡೆ.

ಸಿಟ್ಟು ಇಳಿಯದ,
ನಿನ್ನ ಅಕ್ಕ

ವಿ. ಸೂ.: ಕಾಗದ ಮಡಿಸುವಷ್ಟರಲ್ಲಿ ಅವಳದೇ ಫೋನ್ ಬಂತು. ನಿನ್ನೆ ಯಾರನ್ನೋ ಬಿಡಲು ವಿಮಾನ ನಿಲ್ದಾಣಕ್ಕೆ ತಾನೇ ಕಾರು ಓಡಿಸಿಕೊಂಡು ಹೋಗಿದ್ದಳಂತೆ. "ಅತ್ತಿಗೆ, ಅಲ್ಲಿಂದ ಆಸ್ಪತ್ರೆಗೆ ಒಂದೇ ನೇರ ಹೆದ್ದಾರಿ. ಒಂದು ಗಂಟೆನೂ ಹಿಡೀಲಿಲ್ಲ. ಅವತ್ತು ಯಾಕೆ ನಮಗೆ ಅಷ್ಟು ಹೊತ್ತಾಯ್ತು?" ಎಂದು ಕೇಳಿದಳು. ಒಲೆಯ ಮೇಲೆ ಹಾಲಿದೆ ಎಂದು ಫೋನ್ ಇಟ್ಟುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಅಂಚೆಗೆ ಹಾಕಿದರೆ ತಡವಾಗುತ್ತದೆ, ಅದಕ್ಕೇ ಈ ಹಾಳೆಗಳ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತಿದ್ದೇನೆ. ಸಂಜೆ ಮತ್ತೆ ಮಾಡುತ್ತೇನೆ ಎಂದಿದ್ದಾಳೆ. ಅಷ್ಟರೊಳಗೆ ನೀನು ಮಾಡು. ಇನ್ನೊಂದು ಸಲ ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ.